ಇಷ್ಟೆಲ್ಲಾ ಅನುಭವ ಇಟ್ಕೊಂಡು ಈ ಕೆಲಸಕ್ಕೆ ಯಾಕೆ ಬಂದ್ರಿ?

ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹೊಸಬರಿಗೆ ‘ಎಕ್ಸ್‌ಪೀರಿಯನ್ಸ್ ಸಾಲದು’ ಅನ್ನುವ ಮಾತು ಮಾಮೂಲು. ನಲವತ್ತರ ಆಸುಪಾಸಿನವರಿಗೆ ಇದರ ಉಲ್ಟಾ ಸಿಗುತ್ತದೆ. ‘ಸರ್, ಪ್ರೊಫೈಲ್ ತುಂಬಾ ಚೆನ್ನಾಗಿದೆ. ಆದ್ರೆ ಈ ರೋಲ್‌ಗೆ ನೀವು ಓವರ್‌ಕ್ವಾಲಿಫೈಡ್.’ ಕೇಳೋಕೆ ಹೊಗಳಿಕೆ, ಕೈಗೆ ಬರೋದು ರಿಜೆಕ್ಷನ್ ಮೇಲ್.

ಈ ಮಾತು ಕೇಳಿಸಿಕೊಳ್ಳುವವರು ನಾನಾ ಬಗೆ. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಮ್ಯಾನೇಜರ್ ಆಗಿದ್ದು, ಮತ್ತೆ ಕೋಡ್ ಬರೆಯುವ ಕೆಲಸಕ್ಕೆ ಮರಳಬೇಕು ಅನ್ನುವವರು. ಮಕ್ಕಳು ಚಿಕ್ಕವರಿದ್ದಾಗ ಕೆಲಸ ಬಿಟ್ಟು, ಈಗ ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಲು ತಯಾರಿರುವ ಹೆಣ್ಣುಮಕ್ಕಳು. ಪಿಎಚ್‌ಡಿ ಮುಗಿಸಿ ಪಿಯು ಕಾಲೇಜಿನಲ್ಲಿ ಪಾಠ ಮಾಡಲು ಹೊರಟವರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಮುಗಿಸಿ ಜಾಲಹಳ್ಳಿ ಕಡೆ ಮನೆ ಮಾಡಿಕೊಂಡವರು. ಜೊತೆಗೆ ಲೇಆಫ್ ಆದವರು.

ನಾನು ಇಂಟರ್‌ವ್ಯೂ ಮೇಜಿನ ಆ ಕಡೆ ಸಾಕಷ್ಟು ಕೂತವನು. ‘ಯಾಕೆ ಬಂದ್ರಿ?’ ಅಂತ ಕೇಳಿದರೆ ಹೆಚ್ಚಿನವರು ತಮಗೆ ಏನೇನು ಗೊತ್ತು ಅಂತ ಹೇಳಲು ಶುರು ಮಾಡುತ್ತಾರೆ. ಅದರ ಬಗ್ಗೆ ಎದುರಿಗಿದ್ದವರಿಗೆ ಅನುಮಾನವೇ ಇರುವುದಿಲ್ಲ. ರೆಸ್ಯೂಮೆ ಓದಿಯೇ ಕರೆದಿರುತ್ತಾರೆ. ಅವರಿಗಿರುವ ಅನುಮಾನ ಒಂದೇ, ಈ ಮನುಷ್ಯ ಇಲ್ಲಿ ನಿಲ್ಲುತ್ತಾನಾ ಅನ್ನೋದು. ನಿಮ್ಮ ತಯಾರಿ ಪೂರ್ತಿ ಅದಕ್ಕೇ ಇರಬೇಕು.

1. ಎದುರಿಗೆ ಕೂತವರ ಭಯ ಏನು ಅಂತ ನೋಡಿ

ಎಚ್‌ಆರ್‌ನವರ ಭಯ ಸರಳ. ನೀವು ಸೇರಿ ನಾಲ್ಕು ತಿಂಗಳಿಗೆ ಬಿಟ್ಟು ಹೋದರೆ ಅದೇ ಪೊಸಿಷನ್‌ಗೆ ಮತ್ತೆ ಜನ ಹುಡುಕಬೇಕು. ಹೊಸಬರು ಬರುವ ಹೊತ್ತಿಗೆ ಅವರ ನೋಟಿಸ್ ಪೀರಿಯಡ್ ಬೇರೆ ಕಾಯಬೇಕು. ಐಟಿಯಲ್ಲಿ ಅದು ಬಹಳ ಕಡೆ 90 ದಿನ. ಅಂದರೆ ಅರ್ಧ ವರ್ಷ ಕುರ್ಚಿ ಖಾಲಿ.

ಹೈರಿಂಗ್ ಮ್ಯಾನೇಜರ್‌ದು ಬೇರೆ. ಆತ ನಿಮಗಿಂತ ಏಳೆಂಟು ವರ್ಷ ಚಿಕ್ಕವನಿರಬಹುದು. ‘ಇವರು ನನ್ನ ಮಾತು ಕೇಳ್ತಾರಾ? ನನ್ನ ಬಾಸ್ ಮುಂದೆ ನನ್ನನ್ನೇ ತಿದ್ದೋಕೆ ಬರ್ತಾರಾ?’ ಇದನ್ನು ಆತ ಬಾಯಿಬಿಟ್ಟು ಕೇಳುವುದಿಲ್ಲ. ‘ಫೀಡ್‌ಬ್ಯಾಕ್ ಹೇಗೆ ತಗೊಳ್ತೀರಾ?’ ಅನ್ನುತ್ತಾನೆ. ಅವೆರಡೂ ಒಂದೇ ಪ್ರಶ್ನೆ.

ಮೂರನೆಯದು ದುಡ್ಡು. ಈ ಗ್ರೇಡ್‌ಗೆ ಇಷ್ಟೇ ಅಂತ ಬ್ಯಾಂಡ್ ಇರುತ್ತದೆ. ಈಗ ಒಪ್ಪಿಕೊಂಡು ಆರು ತಿಂಗಳಿಗೆ ಹೈಕ್ ಕೇಳಿದರೆ ಏನು ಮಾಡೋದು ಅನ್ನುವ ಲೆಕ್ಕ ನಡೆಯುತ್ತಿರುತ್ತದೆ. ಇದರ ಹಿಂದೆ, ಯಾರೂ ಹೇಳದ ಇನ್ನೊಂದು ಅನುಮಾನ ಇದೆ. ಇಷ್ಟು ಅನುಭವ ಇದ್ದವರು ಇಷ್ಟಕ್ಕೇ ಬರ್ತಿದ್ದಾರೆ ಅಂದರೆ ಅಲ್ಲೇನೋ ಎಡವಟ್ಟು ಆಗಿರಬೇಕು.

ಯಾವ ಕಂಪನಿಯಲ್ಲಿ ಯಾವ ಭಯ ಜಾಸ್ತಿ ಅಂತ ಮೊದಲೇ ಊಹಿಸಬಹುದು. ಚಿಕ್ಕ ಸ್ಟಾರ್ಟಪ್‌ನಲ್ಲಿ ದುಡ್ಡಿನದು, ದೊಡ್ಡ ಕಂಪನಿಯಲ್ಲಿ ಗ್ರೇಡಿನದು, ಕುಟುಂಬದವರೇ ನಡೆಸುವ ಫ್ಯಾಕ್ಟರಿಯಲ್ಲಿ ನಿಮ್ಮ ಗತ್ತಿನದು.

2. ಕಾರಣ ಬರೆಯಿರಿ, ಒಂದು ಪರೀಕ್ಷೆ ಮಾಡಿ

ಒಂದು ಹಾಳೆ ತೆಗೆದುಕೊಂಡು ಈ ಕೆಲಸ ಯಾಕೆ ಬೇಕು ಅಂತ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿ ಇದ್ದರೂ ಪರವಾಗಿಲ್ಲ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ‘ಚಾಲೆಂಜಿಂಗ್ ಎನ್ವಿರಾನ್‌ಮೆಂಟ್’ ಥರದ ರೆಡಿಮೇಡ್ ಸಾಲುಗಳೇ ಪೆನ್ನಿಗೆ ಬರುತ್ತವೆ. ಮನೆಯಲ್ಲಿ ಹೆಂಡತಿಗೋ ಗಂಡನಿಗೋ ಹೇಗೆ ಹೇಳಿದ್ರಿ, ಹಾಗೇ ಬರಲಿ.

ಈಗ ಪರೀಕ್ಷೆ. ನಾಳೆ ಬೆಳಿಗ್ಗೆ ನಿಮ್ಮ ಹಳೆ ಹುದ್ದೆಯ ಮಟ್ಟದ್ದೇ, ಹಳೆ ಸಂಬಳದ್ದೇ ಒಂದು ಆಫರ್ ಬಂತು ಅಂದುಕೊಳ್ಳಿ. ಆಗಲೂ ನೀವು ಬರೆದ ಕಾರಣ ನಿಲ್ಲುತ್ತದಾ? ನಿಂತರೆ ಅದನ್ನು ಇಂಟರ್‌ವ್ಯೂನಲ್ಲಿ ಹೇಳಬಹುದು. ಬಿದ್ದುಹೋದರೆ ಎದುರಿನವರಿಗೂ ಅದು ಬಿದ್ದುಹೋಗುವುದು ಕಾಣುತ್ತದೆ. ಅವರು ಅಲ್ಲಿ ಕೂತು ಮಾಡುತ್ತಿರುವುದೂ ಇದೇ ಪರೀಕ್ಷೆ.

‘ಮನೆಗೆ ಹತ್ತಿರ’ ಅನ್ನೋ ಕಾರಣವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಟ್ರಾಫಿಕ್ ಗೊತ್ತಿರುವ ಯಾರೂ ಇದನ್ನು ಸುಳ್ಳು ಅನ್ನಲ್ಲ. ಆದರೆ ಒಂಟಿಯಾಗಿ ನಿಲ್ಲಿಸಿದರೆ ಇದು ಪೀಚು. ಬೇರೆ ಕಂಪನಿ ವರ್ಕ್ ಫ್ರಮ್ ಹೋಮ್ ಕೊಟ್ಟರೆ ಮುಗಿಯಿತು. ದಾರಿಗಳೂ ಬದಲಾಗುತ್ತವೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡಲು ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು. ‘ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಸಿಲ್ಕ್ ಬೋರ್ಡ್ ದಾಟಿಕೊಂಡು ಹೋಗೋಕೆ ಆಗಲ್ಲ, ಅದಕ್ಕೇ ಇಲ್ಲೇ ಹುಡುಕ್ತಿದ್ದೀನಿ’ ಅಂತ ಮೊದಲು ಹೇಳುತ್ತಿದ್ದವರ ಮಾತಿಗೆ ಈಗ ಅಷ್ಟು ತೂಕ ಇಲ್ಲ. ದೂರ-ಹತ್ತಿರದ ಮಾತು ಕೊನೆಯಲ್ಲಿ ಒಂದು ಸಾಲಾಗಿ ಬರಲಿ, ಅಷ್ಟೇ ಸಾಕು.

‘ಟೆನ್ಷನ್ ಕಡಿಮೆ ಇರೋ ಕೆಲಸ ಬೇಕು’ ಅನ್ನೋದು ಇನ್ನೂ ಅಪಾಯ. ಆ ಕೆಲಸವನ್ನು ದಿನವೂ ಟೆನ್ಷನ್ ಮಾಡಿಕೊಂಡೇ ಮಾಡುತ್ತಿರುವವರು ಎದುರಿಗೆ ಕೂತಿರುತ್ತಾರೆ. ಅವರಿಗೆ ಹೇಗೆ ಕೇಳಿಸುತ್ತದೆ ಯೋಚನೆ ಮಾಡಿ. ಆರೋಗ್ಯದ ವಿಷಯವೇ ನಿಜವಾದ ಕಾರಣ ಆಗಿದ್ದರೆ ಎಲ್ಲವನ್ನೂ ಬಿಚ್ಚಿಡಬೇಕಾಗಿಲ್ಲ. ‘ತಿಂಗಳಲ್ಲಿ ಹದಿನೈದು ದಿನ ಟ್ರಾವೆಲ್ ಇರುವ ಕೆಲಸ ಇನ್ನು ಬೇಡ ಅಂತ ತೀರ್ಮಾನ ಮಾಡಿದ್ದೀನಿ’ ಅಂದರೆ ಸಾಕು.

ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಲ್ಲುವುದು ಆ ಕೆಲಸದ ಒಳಗಿನಿಂದಲೇ ಬಂದ ಕಾರಣ. ಆ ಕೆಲಸದಲ್ಲಿ ದಿನವೂ ಏನು ಮಾಡಬೇಕೋ ಅದನ್ನೇ ಮಾಡಬೇಕು ಅನ್ನೋದು. ಇನ್ನೊಂದು, ನೀವು ಈಗಾಗಲೇ ಏನೋ ಕಳೆದುಕೊಂಡು ಆರಿಸಿಕೊಂಡ ದಾರಿ. ಸ್ವಂತ ಖರ್ಚಿನಲ್ಲಿ ಕೋರ್ಸ್ ಮಾಡಿದ್ದು, ಪ್ರೊಮೋಷನ್ ಬೇಡ ಅಂದಿದ್ದು, ಒಂದು ವರ್ಷದಿಂದ ಶನಿವಾರ ಹೋಗಿ ಉಚಿತವಾಗಿ ಪಾಠ ಮಾಡುತ್ತಿರೋದು. ಇಂಥದ್ದಕ್ಕೆ ಸಾಕ್ಷಿ ಇರುತ್ತದೆ. ಬಾಯಿಮಾತನ್ನು ಯಾರೂ ನಂಬಬೇಕಾಗಿಲ್ಲ.

3. ಲೇಆಫ್ ಆಗಿದ್ದರೆ

ಇದನ್ನು ಮುಚ್ಚಿಡೋಕೆ ಹೋಗಿ ಮಾತು ತೊದಲುವವರೇ ಜಾಸ್ತಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ‘ಕಂಪನಿಯಲ್ಲಿ ಕೆಲವು ಬದಲಾವಣೆಗಳಾದವು, ನಾನೂ ಹೊಸದು ನೋಡೋಣ ಅಂದುಕೊಂಡೆ’ ಅಂದರೆ ಎಚ್‌ಆರ್‌ಗೆ ಎರಡನೇ ಪ್ರಶ್ನೆ ಸಿಕ್ಕ ಹಾಗಾಯಿತು. ಸುಮ್ನೆ ಹೇಳಿಬಿಡಿ. ‘ಮಾರ್ಚ್‌ನಲ್ಲಿ ನಮ್ಮ ಇಡೀ ಟೀಮ್ ತೆಗೆದರು. ಅದರಲ್ಲಿ ನಾನೂ ಒಬ್ಬ.’ ಬೆಂಗಳೂರಿನಲ್ಲಿ ಈ ಎರಡು ಸಾಲಿಗೆ ಯಾರೂ ಹುಬ್ಬು ಏರಿಸಲ್ಲ. ಎಚ್‌ಆರ್‌ನವರ ಮನೆಯಲ್ಲೇ ಒಬ್ಬರಿಗೆ ಆಗಿರುತ್ತದೆ.

ಕಷ್ಟ ಇರುವುದು ಮುಂದಿನ ಸಾಲಿನಲ್ಲಿ. ‘ಕೆಲಸ ಬೇಕಿತ್ತು, ಅದಕ್ಕೆ ಬಂದೆ’ ಅನ್ನೋದು ಪೂರ್ತಿ ನಿಜ, ಆದರೆ ಅದು ಅರ್ಧ ಉತ್ತರ. ಕೆಲಸ ಬೇಕಾಗಿದ್ದಾಗಲೂ ನೀವು ನೂರು ಜಾಹೀರಾತಿನಲ್ಲಿ ಕೆಲವಕ್ಕೆ ಮಾತ್ರ ಅಪ್ಲೈ ಮಾಡಿರುತ್ತೀರಿ ಅಲ್ವಾ? ಯಾಕೆ ಅವಕ್ಕೇ? ಅಲ್ಲಿದೆ ನಿಮ್ಮ ಕಾರಣ. ‘ನನ್ನ ಹಳೆ ಲೆವೆಲ್‌ನ ರೋಲ್‌ಗಳೆಲ್ಲ ಸೇಲ್ಸ್ ಕಡೆ ವಾಲಿದ್ದವು. ನನಗೆ ಅದು ಬೇಡ. ಪ್ರಾಡಕ್ಟ್ ಸಪೋರ್ಟ್ ಕಡೆಯವನ್ನು ಮಾತ್ರ ಆರಿಸಿಕೊಂಡೆ, ಅದರಲ್ಲಿ ನಿಮ್ಮದೊಂದು.’ ಇದು ಸುಳ್ಳಲ್ಲ, ಗೋಗರೆಯುವ ದನಿಯೂ ಇಲ್ಲ.

ನಿಜವಾಗಿಯೂ ನೂರಕ್ಕೆ ನೂರೂ ಅಪ್ಲೈ ಮಾಡಿದ್ದರೆ? ಹಾಗಾದರೆ ಇಂಟರ್‌ವ್ಯೂಗೆ ಮುಂಚೆ ಒಂದು ಸಂಜೆ ಕೂತು ಈ ಕೆಲಸದ ಜೆಡಿ, ಅಂದರೆ ಕೆಲಸದ ವಿವರಣೆಯನ್ನು ಸಾಲು ಸಾಲಾಗಿ ಓದಿ. ಖುಷಿಯಿಂದ ಮಾಡಬಲ್ಲ ಎರಡು ಸಾಲಿಗೆ ಗೆರೆ ಎಳೆಯಿರಿ. ಎರಡೂ ಸಿಗದಿದ್ದರೆ ಕೊನೆಯ ಹಂತಕ್ಕೆ ಹೋಗಿ ಅದನ್ನು ಮೊದಲು ಓದಿ.

4. ಉತ್ತರ ಕಟ್ಟುವುದು

ಒಂದು ಉದಾಹರಣೆ ಹಿಡಿದು ನೋಡೋಣ. ಹದಿನಾರು ವರ್ಷ ಅನುಭವದ ಡೆಲಿವರಿ ಮ್ಯಾನೇಜರ್ (ಸಾಫ್ಟ್‌ವೇರ್ ಪ್ರಾಜೆಕ್ಟ್ ಹೊತ್ತಿಗೆ ಮುಗಿಸಿಕೊಡುವ ಹೊಣೆ ಹೊತ್ತವರು) ಒಬ್ಬರು, ಟೆಸ್ಟ್ ಆಟೊಮೇಷನ್ ಎಂಜಿನಿಯರ್ (ಸಾಫ್ಟ್‌ವೇರ್ ಪರೀಕ್ಷೆ ತಾನಾಗಿಯೇ ನಡೆಯುವ ಹಾಗೆ ಕೋಡ್ ಬರೆಯುವವರು) ಹುದ್ದೆಗೆ ಬಂದಿದ್ದಾರೆ ಅಂದುಕೊಳ್ಳಿ. ಹೆಚ್ಚಾಗಿ ಕೇಳಿಬರುವ ಉತ್ತರ ಹೀಗಿರುತ್ತದೆ:

‘ನನಗೆ ಹದಿನಾರು ವರ್ಷ ಅನುಭವ ಇದೆ. ನಲವತ್ತು ಜನರ ಟೀಮ್ ನೋಡ್ಕೊಂಡಿದ್ದೀನಿ. ಈಗ ಸ್ವಲ್ಪ ವರ್ಕ್-ಲೈಫ್ ಬ್ಯಾಲೆನ್ಸ್ ಬೇಕು ಅನ್ನಿಸ್ತಿದೆ. ಟೈಟಲ್, ಸ್ಯಾಲರಿ ನನಗೆ ಮುಖ್ಯ ಅಲ್ಲ. ಯಾವ ಕೆಲಸ ಕೊಟ್ರೂ ಮಾಡ್ತೀನಿ.’

ಪ್ರತಿ ಸಾಲೂ ಒಂದೊಂದು ಭಯ ಏಳಿಸುತ್ತದೆ. ನಲವತ್ತು ಜನರ ಮಾತು ಬಂದ ಕೂಡಲೇ ಎದುರಿಗಿರುವ ಐದು ಜನರ ಟೀಮ್ ಲೀಡ್ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಬ್ಯಾಲೆನ್ಸ್ ಅಂದರೆ ಐದೂವರೆಗೆ ಬ್ಯಾಗ್ ಏರಿಸುತ್ತಾರೆ ಅಂತ ಅರ್ಥವಾಗುತ್ತದೆ. ಸ್ಯಾಲರಿ ಮುಖ್ಯ ಅಲ್ಲ ಅನ್ನೋದನ್ನು ಈ ಊರಿನ ಬಾಡಿಗೆ ಕಟ್ಟುವ ಯಾರೂ ನಂಬಲ್ಲ. ‘ಯಾವ ಕೆಲಸ ಕೊಟ್ರೂ’ ಅನ್ನೋದು ವಿನಯ ಅಂದುಕೊಂಡು ಹೇಳುವ ಮಾತು. ಕೇಳುವವರಿಗೆ ಅದು ‘ಈ ಕೆಲಸ ಯಾವುದು ಅಂತ ನಾನು ನೋಡೇ ಇಲ್ಲ’ ಅಂತ ಕೇಳಿಸುತ್ತದೆ.

ಅದೇ ಮನುಷ್ಯ, ಅದೇ ಸತ್ಯ, ಹೀಗೆ ಹೇಳಿದರೆ:

‘ಮೂರು ವರ್ಷದಿಂದ ಡೆಲಿವರಿ ನೋಡ್ಕೊಳ್ತಿದ್ದೀನಿ. ದಿನದ ಬಹುಪಾಲು ರಿವ್ಯೂ ಕಾಲ್, ಎಸ್ಕಲೇಷನ್, ಅಪ್ರೈಸಲ್. ಅದು ಮಾಡೋಕೆ ಬರುತ್ತೆ, ಆದ್ರೆ ಅದರಲ್ಲೇ ಮುಂದಕ್ಕೆ ಹೋಗೋ ಆಸೆ ಇಲ್ಲ. ಕಳೆದ ವರ್ಷ ಒಂದು ರಿಲೀಸ್ ಸಿಕ್ಕಿಹಾಕ್ಕೊಂಡಾಗ ನಾನೇ ಕೂತು ಪೇಮೆಂಟ್ ಮಾಡ್ಯೂಲ್‌ನ ಟೆಸ್ಟ್‌ಗಳನ್ನ ಆಟೊಮೇಟ್ ಮಾಡ್ದೆ. ಆಮೇಲೆ ಮನೆಯಲ್ಲಿ ಸ್ವಂತ ಪ್ರಾಜೆಕ್ಟ್ ಆಗಿ ಅಂಥದ್ದೇ ಒಂದು ಬರೀತಿದ್ದೀನಿ, ಗಿಟ್‌ಹಬ್‌ನಲ್ಲಿದೆ. ನಿಮ್ಮ ಜೆಡಿಯಲ್ಲಿ ಮೊದಲ ವರ್ಷವೇ ರಿಗ್ರೆಷನ್ ಸೂಟ್ (ಹೊಸ ಬದಲಾವಣೆಯಿಂದ ಹಳೆಯದು ಕೆಟ್ಟಿಲ್ಲ ಅಂತ ನೋಡುವ ಟೆಸ್ಟ್‌ಗಳ ಗುಂಪು) ಹೊಸದಾಗಿ ಕಟ್ಟಬೇಕು ಅಂತ ಇದೆ. ನನಗೆ ಬೇಕಾಗಿರೋದು ಆ ಕೆಲಸ. ಟೀಮ್ ನೋಡ್ಕೊಳ್ಳೋ ಜವಾಬ್ದಾರಿ ಇರಲ್ಲ ಅಂತ ಗೊತ್ತಿದ್ದೇ ಅಪ್ಲೈ ಮಾಡಿದ್ದೀನಿ.’

ಇಲ್ಲಿ ಹದಿನಾರು ವರ್ಷದ ಲೆಕ್ಕವೇ ಬಂದಿಲ್ಲ. ಹಳೆ ಕೆಲಸದ ಮೇಲೆ ದೂರು ಇಲ್ಲ. ಎಂದಿನಿಂದ ಮನಸ್ಸು ತಿರುಗಿತು ಅಂತ ಹೇಳುವ ಒಂದು ಘಟನೆ ಇದೆ, ತೋರಿಸೋಕೆ ಕೋಡ್ ಇದೆ, ಆ ಕಂಪನಿಯ ಜೆಡಿಯಿಂದಲೇ ಎತ್ತಿದ ಒಂದು ಕೆಲಸ ಇದೆ. ಕೊನೆಯ ಸಾಲು ಲೀಡ್‌ನ ಭಯಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಸುಮ್ಮನಾಗಿ. ಅನುಭವಸ್ಥರು ಎಡವುವುದು ಇಲ್ಲಿಯೇ. ಒಳ್ಳೆ ಉತ್ತರ ಕೊಟ್ಟು, ಎದುರಿನವರು ಎರಡು ಸೆಕೆಂಡ್ ಮೌನವಾಗಿದ್ದರೆ ತಡೆಯಲಾರದೆ ಮತ್ತೆ ಐದು ನಿಮಿಷ ವಿವರಿಸುತ್ತಾರೆ.

ಇದಾದ ಮೇಲೆ ‘ನಾಳೆ ಮ್ಯಾನೇಜರ್ ಪೋಸ್ಟ್ ಸಿಕ್ಕಿದ್ರೆ ಹೋಗ್ತೀರಾ?’ ಅಂತ ಖಂಡಿತ ಬರುತ್ತದೆ. ‘ಇಲ್ಲ, ಜೀವಮಾನ ಪೂರ್ತಿ ಇಲ್ಲೇ’ ಅನ್ನಬೇಡಿ. ‘ಹುಡುಕೋಕೆ ಶುರು ಮಾಡಿದ ಮೇಲೆ ಮ್ಯಾನೇಜರ್ ರೋಲ್‌ಗೆ ಒಂದಕ್ಕೂ ಅಪ್ಲೈ ಮಾಡಿಲ್ಲ’ ಅಂತ ಹೇಳಲು ಆಗುತ್ತದಾ? ಆಗುವುದಾದರೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ನೌಕ್ರಿ, ಲಿಂಕ್ಡ್‌ಇನ್ ಪ್ರೊಫೈಲ್ ತೆಗೆದು ನೋಡಿ. ಹೆಸರಿನ ಕೆಳಗೆ ಇನ್ನೂ ‘ಲೀಡರ್‌ಶಿಪ್ ರೋಲ್ ಹುಡುಕುತ್ತಿದ್ದೇನೆ’ ಅಂತ ಇರಬಹುದು. ನಿರೀಕ್ಷೆಯ ಸಂಬಳದ ಜಾಗದಲ್ಲಿ ಎರಡು ವರ್ಷದ ಹಿಂದಿನ ಅಂಕಿ ಇರಬಹುದು. ನೀವು ಒಳಗೆ ಮಾತಾಡುತ್ತಿರುವಾಗ ಎಚ್‌ಆರ್‌ನವರ ಲ್ಯಾಪ್‌ಟಾಪ್‌ನಲ್ಲಿ ಅದೇ ಪುಟ ತೆರೆದಿರುತ್ತದೆ.

5. ರೆಸ್ಯೂಮೆಗೆ ಕತ್ತರಿ ಹಾಕಬಹುದು, ಸುಳ್ಳು ಸೇರಿಸಬಾರದು

ಮೊದಲ ಪುಟದ ತುಂಬ ಅವಾರ್ಡ್, ಬಜೆಟ್, ‘ಕೋಟಿ ರೂಪಾಯಿ ಪ್ರಾಜೆಕ್ಟ್’ ಇದ್ದರೆ ಆ ಹುದ್ದೆಗೆ ಕರೆಯೇ ಬರಲ್ಲ. ಆ ಕೆಲಸಕ್ಕೆ ಬೇಕಾದದ್ದನ್ನು ಮೇಲೆ ತನ್ನಿ, ಉಳಿದದ್ದನ್ನು ಒಂದೊಂದು ಸಾಲಿಗೆ ಇಳಿಸಿ. ತೀರಾ ಹಳೆಯ ಕೆಲಸಗಳನ್ನು ಬಿಟ್ಟರೂ ತಪ್ಪಿಲ್ಲ. ರೆಸ್ಯೂಮೆ ನಿಮ್ಮದು, ಏನು ತೋರಿಸಬೇಕು ಅನ್ನೋದು ನಿಮ್ಮ ಆಯ್ಕೆ.

ಅಪ್ಲಿಕೇಷನ್ ಫಾರ್ಮ್ ಹಾಗಲ್ಲ. ಅಲ್ಲಿ ‘ಅತಿ ಹೆಚ್ಚಿನ ವಿದ್ಯಾರ್ಹತೆ’ ಅಂತ ಕೇಳಿದ್ದರೆ ನಿಜವನ್ನೇ ಬರೆಯಬೇಕು. ಒಡಿಶಾದಲ್ಲಿ ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರ ಪ್ಯೂನ್ ಹುದ್ದೆಯ ಪ್ರಕರಣ ಇದಕ್ಕೆ ಒಳ್ಳೆ ಉದಾಹರಣೆ. ಹನ್ನೆರಡನೇ ತರಗತಿ ಪಾಸಾಗಿರಬೇಕು, ಪದವೀಧರ ಆಗಿರಬಾರದು ಅಂತ ಜಾಹೀರಾತಿನಲ್ಲೇ ಇತ್ತು. ಡಿಗ್ರಿ ಇದ್ದದ್ದನ್ನು ಹೇಳದೆ ಒಬ್ಬರು ಅರ್ಜಿ ಹಾಕಿ ಆಯ್ಕೆಯಾದರು. ಗೊತ್ತಾದ ಮೇಲೆ ಬ್ಯಾಂಕ್ ಕೆಲಸ ಕೊಡಲಿಲ್ಲ. ಹೈಕೋರ್ಟ್ ಅವರ ಪರ ನಿಂತಿತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ ಬ್ಯಾಂಕ್ ಮಾಡಿದ್ದೇ ಸರಿ ಅಂತು. ಬೇಕೆಂದೇ ಮಾಹಿತಿ ಮುಚ್ಚಿಟ್ಟವರಿಗೆ ಆ ಹುದ್ದೆ ಕೇಳುವ ಹಕ್ಕಿಲ್ಲ ಅನ್ನೋದು ಅದರ ತಾತ್ಪರ್ಯ. ಸರ್ಕಾರಿ, ಬ್ಯಾಂಕ್ ಹುದ್ದೆಗಳಿಗೆ ಹೋಗುವವರು ಕನಿಷ್ಠ ಅರ್ಹತೆ ಜೊತೆಗೆ ಗರಿಷ್ಠ ಮಿತಿ ಏನಾದರೂ ಇದೆಯಾ ಅಂತ ನೋಟಿಫಿಕೇಷನ್ ಪೂರ್ತಿ ಓದಿ.

ಖಾಸಗಿ ಕಂಪನಿಯಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಇರುತ್ತದೆ. ನಿಮ್ಮ ಪಿಎಫ್‌ನ ಯುಎಎನ್ ನಂಬರ್, ಅಂದರೆ ಎಷ್ಟು ಕಂಪನಿ ಬದಲಾಯಿಸಿದರೂ ಬದಲಾಗದ ಖಾತೆ ಸಂಖ್ಯೆ, ಒಂದೇ. ಯಾವ ಕಂಪನಿಗೆ ಯಾವಾಗ ಸೇರಿದ್ರಿ, ಯಾವಾಗ ಬಿಟ್ರಿ ಅನ್ನೋದು ಅದರ ಸರ್ವಿಸ್ ಹಿಸ್ಟರಿಯಲ್ಲಿ ಸಾಲಾಗಿ ನಿಂತಿರುತ್ತದೆ. ಹುದ್ದೆಯ ಹೆಸರು ಬೇಕಾದರೆ ಹಳೆ ಕಂಪನಿಯ ಎಚ್‌ಆರ್‌ಗೆ ಮೇಲ್ ಹೋಗುತ್ತದೆ. ‘ಸೀನಿಯರ್ ಮ್ಯಾನೇಜರ್’ ಆಗಿದ್ದವರು ‘ಸೀನಿಯರ್ ಎಂಜಿನಿಯರ್’ ಅಂತ ತಗ್ಗಿಸಿ ಬರೆದರೂ ಅದು ತಾಳೆಯಾಗದ ಮಾಹಿತಿಯೇ. ಹೆಚ್ಚು ಮಾಡಿ ಬರೆದಿಲ್ಲವಲ್ಲ ಅನ್ನೋ ವಾದ ಅಲ್ಲಿ ನಡೆಯಲ್ಲ.

6. ಸಂಬಳದ ಮಾತು

‘ಕರೆಂಟ್ ಸಿಟಿಸಿ ಎಷ್ಟು?’ ಮೊದಲ ಫೋನ್ ಕಾಲ್‌ನಲ್ಲೇ ಬರುವ ಪ್ರಶ್ನೆ. ಸಿಟಿಸಿ ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. 34 ಲಕ್ಷ ಅಂತ ನಿಜ ಹೇಳಿದರೆ, 20 ಲಕ್ಷದ ಹುದ್ದೆಗೆ ಕಾಲ್ ಅಲ್ಲೇ ಕಟ್ ಆಗಬಹುದು. ಅದಕ್ಕೇ ಎರಡೂ ಅಂಕಿ ಒಂದೇ ಉಸಿರಿನಲ್ಲಿ ಹೇಳಿ: ‘ಹಿಂದಿನದು 34. ನಿಮ್ಮ ರೋಲ್ 18ರಿಂದ 20ರ ಬ್ಯಾಂಡ್ ಅಂತ ಗೊತ್ತು, ಅದಕ್ಕೆ ಒಪ್ಪಿಯೇ ಮಾತಾಡ್ತಿದ್ದೀನಿ.’ ಸುಳ್ಳು ಅಂಕಿ ಬೇಡ. ಸ್ಯಾಲರಿ ಸ್ಲಿಪ್, ಫಾರ್ಮ್ 16 ಆಮೇಲೆ ಕೇಳಿಯೇ ಕೇಳುತ್ತಾರೆ.

ಈ ಮಾತು ಹೇಳುವ ಮುಂಚೆ ಮನೆಯಲ್ಲಿ ಲೆಕ್ಕ ಹಾಕಿರಬೇಕು. ಸಿಟಿಸಿ ಅಲ್ಲ, ಇನ್‌ಹ್ಯಾಂಡ್. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರ್ಯಾಚುಟಿ, ಸಿಕ್ಕರೆ ಸಿಗುವ ವೇರಿಯಬಲ್ ಎಲ್ಲ ಸೇರಿರುತ್ತದೆ. ತಿಂಗಳಿಗೆ ಕೈಗೆ ಬರುವುದರಲ್ಲಿ ಇಎಂಐ, ಸ್ಕೂಲ್ ಫೀಸ್, ಊರಿಗೆ ಕಳಿಸುವ ದುಡ್ಡು ಕಳೆದು ನೋಡಿ. ಸಾಲದಿದ್ದರೆ ನಿಮ್ಮ ಕಾರಣ ಎಷ್ಟೇ ಚೆನ್ನಾಗಿದ್ದರೂ ಎಂಟು ತಿಂಗಳಿಗೆ ನೀವೇ ಕೆಲಸ ಹುಡುಕುತ್ತಿರುತ್ತೀರಿ. ಅಂದರೆ ಎಚ್‌ಆರ್ ಹೆದರಿದ್ದೇ ಸರಿಯಾಯಿತು.

ಲೆಕ್ಕ ಕೂಡಿದರೆ ಅದನ್ನು ಒಂದು ಸಾಲಿನಲ್ಲಿ ಹೇಳಬಹುದು. ‘ಮನೆ ಸಾಲ ಹೋದ ವರ್ಷ ತೀರಿತು. ಈ ಸಂಬಳದಲ್ಲಿ ನಡೆಯುತ್ತೆ.’ ನಿವೃತ್ತ ಸೈನಿಕರಿಗೆ ಇದು ಇನ್ನೂ ಸುಲಭ. ‘ಪಿಂಚಣಿ ಬರುತ್ತೆ, ಅದರ ಮೇಲೆ ಇದು’ ಅಂದರೆ ಎದುರಿನವರ ಮುಖ ಸಡಿಲ ಆಗುವುದು ಕಾಣುತ್ತದೆ. ಅದಕ್ಕಿಂತ ಹೆಚ್ಚು ಮನೆ ಪುರಾಣ ಬೇಡ. ಗಂಡನ ಸಂಬಳ ಎಷ್ಟು, ಇನ್ನೊಂದು ಮಗು ಯಾವಾಗ ಅಂತ ಹೆಣ್ಣುಮಕ್ಕಳನ್ನು ಕೆದಕುವವರು ಈಗಲೂ ಇದ್ದಾರೆ. ‘ಕೆಲಸದ ಟೈಮಿಂಗ್ಸ್‌ಗೆ ನನ್ನಿಂದ ತೊಂದರೆ ಇಲ್ಲ’ ಅಂತ ಹೇಳಿ ಮಾತನ್ನು ಕೆಲಸಕ್ಕೆ ತಿರುಗಿಸಿ.

7. ಬಾಸ್ ಚಿಕ್ಕವನಾಗಿದ್ದರೆ

‘ನನಗೆ ಈಗೋ ಇಲ್ಲ’ ಅಂತ ಹೇಳಿದವರಲ್ಲೇ ಅದು ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಹೇಳಬೇಡಿ, ಅಲ್ಲೇ ನಡೆದು ತೋರಿಸಿ. ಹೈರಿಂಗ್ ಮ್ಯಾನೇಜರ್ ತಮ್ಮ ಸಿಸ್ಟಮ್ ವಿವರಿಸುವಾಗ ‘ನಾವು ಅಲ್ಲಿ ಹೀಗೆ ಮಾಡ್ತಿದ್ವಿ’ ಅಂತ ಬಾಯಿ ಹಾಕಬೇಡಿ. ‘ಇದನ್ನ ಹೀಗೆ ಮಾಡೋಕೆ ಏನು ಕಾರಣ ಇತ್ತು?’ ಅಂತ ಕೇಳಿ, ಉತ್ತರ ಬರೆದುಕೊಳ್ಳಿ. ‘ನಿಮ್ಮ ವಯಸ್ಸಿನಲ್ಲಿ ನಾನೂ...’ ಅಂತ ಶುರುವಾಗುವ ವಾಕ್ಯ ಆ ದಿನ ಬಾಯಿಂದ ಬರಲೇಬಾರದು. ಐಟಿ ಕಂಪನಿಯಲ್ಲಿ ಹೆಸರಿಡಿದು ಕರೆಯುವುದು ರೂಢಿ. ಆತ ನಿಮ್ಮನ್ನು ‘ಸರ್’ ಅಂದರೆ ಹೆಸರಿಡಿದೇ ಕರೆಯಿರಿ ಅಂತ ನಗುತ್ತಾ ಹೇಳಿ. ಈ ಒಂದು ಮಾತು ಅರ್ಧ ಬಿಗುವು ಇಳಿಸುತ್ತದೆ.

ಚಿಕ್ಕವರ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದರೆ ಅದರ ಒಂದು ನಿಜವಾದ ಉದಾಹರಣೆ ತಯಾರಿರಲಿ. ಅವರ ತೀರ್ಮಾನ ನಿಮಗೆ ಒಪ್ಪಿಗೆ ಆಗದಿದ್ದಾಗ ಏನು ಮಾಡಿದ್ರಿ ಅನ್ನೋದು ಅದರಲ್ಲಿ ಇರಬೇಕು.

8. ಪೀಣ್ಯದಲ್ಲಿ ಬೇರೆ, ಪಿಯು ಕಾಲೇಜಿನಲ್ಲಿ ಬೇರೆ

ಎಲ್ಲ ಇಂಟರ್‌ವ್ಯೂನಲ್ಲೂ ಈ ಪ್ರಶ್ನೆ ಬಾಯಿಮಾತಲ್ಲೇ ಬರುವುದಿಲ್ಲ. ಪೀಣ್ಯದ ಒಂದು ಮಷಿನಿಂಗ್ ಯುನಿಟ್‌ಗೆ, ದೊಡ್ಡ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದವರು ಇನ್‌ಸ್ಪೆಕ್ಷನ್ ಕೆಲಸಕ್ಕೆ ಹೋದರು ಅಂದುಕೊಳ್ಳಿ. ಓನರ್ ಕಾಫಿ ಕೊಟ್ಟು, ಎರಡು ಮಾತಾಡಿ, ಶಾಪ್ ಫ್ಲೋರ್‌ಗೆ ಕರೆದುಕೊಂಡು ಹೋಗುತ್ತಾರೆ. ರಿಜೆಕ್ಟ್ ಆದ ಒಂದು ಪೀಸ್ ಕೈಗಿಟ್ಟು ‘ಈ ಬೋರ್ ಓವರ್‌ಸೈಜ್ ಬರ್ತಾ ಇದೆ ಸಾರ್’ ಅನ್ನುತ್ತಾರೆ, ಅಂದರೆ ಕೊರೆದ ತೂತು ಅಳತೆಗಿಂತ ದೊಡ್ಡದು. ಇಂಟರ್‌ವ್ಯೂ ಅದೇ. ಪೀಸನ್ನು ಎರಡು ಬೆರಳಲ್ಲಿ ಹಿಡಿದು ‘ನಿಮ್ಮ ಪ್ರೋಸೆಸ್ ಸರಿ ಇಲ್ಲ’ ಅಂದವರು ಅಲ್ಲಿಗೆ ಮುಗಿದರು. ‘ಬೋರ್ ಗೇಜ್ ಕೊಡಿ’ ಅಂತ ತಾವೇ ಅಳತೆ ತೆಗೆದು, ‘ಬೆಳಿಗ್ಗೆ ಮೊದಲ ಪೀಸ್‌ನಿಂದಲೇ ಹೀಗಾ, ಮಷಿನ್ ಬಿಸಿಯಾದ್ಮೇಲಾ? ಆಫ್‌ಸೆಟ್ (ಮಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಯಾರು ಕೊಟ್ಟಿದ್ದು?’ ಅಂತ ಆಪರೇಟರ್‌ನ ಪಕ್ಕ ನಿಂತವರಿಗೆ ‘ಯಾಕೆ ಬಂದ್ರಿ’ ಅನ್ನುವ ಪ್ರಶ್ನೆಯೇ ಬರಲಿಕ್ಕಿಲ್ಲ. ಕೈಗೆ ಎಣ್ಣೆ ಅಂಟಿದ್ದನ್ನು ಓನರ್ ನೋಡಿರುತ್ತಾರೆ.

ಪಿಯು ಕಾಲೇಜಿನ ಪ್ರಿನ್ಸಿಪಾಲರಿಗೆ ಇರುವ ಭಯಕ್ಕೆ ಕ್ಯಾಲೆಂಡರ್ ಇದೆ. ಫಿಸಿಕ್ಸ್ ಪಿಎಚ್‌ಡಿ ಆದವರು ಜೂನ್‌ನಲ್ಲಿ ಸೇರಿ, ಡಿಸೆಂಬರ್‌ನಲ್ಲಿ ಡಿಗ್ರಿ ಕಾಲೇಜಿನಿಂದ ಕರೆ ಬಂತು ಅಂತ ಹೊರಟರೆ ದ್ವಿತೀಯ ಪಿಯು ಪರೀಕ್ಷೆ, ಅದರ ಹಿಂದೆಯೇ ಬರುವ ಕೆಸಿಇಟಿ ಎರಡಕ್ಕೂ ಮಕ್ಕಳು ನಡುನೀರಿನಲ್ಲಿ. ಅದಕ್ಕೆ ‘ವರ್ಷದ ಮಧ್ಯೆ ಬಿಡಲ್ಲ, ಪರೀಕ್ಷೆ ಮುಗಿಯುವವರೆಗೆ ನಾನಿರ್ತೀನಿ’ ಅಂತ ನೀವಾಗಿಯೇ ಹೇಳಿ. ನಡೆಸಿಕೊಡಲು ಆಗುವುದಾದರೆ ಮಾತ್ರ.

ಮಿಕ್ಕಿದ್ದನ್ನು ಡೆಮೋ ಕ್ಲಾಸ್ ಹೇಳುತ್ತದೆ. ಲೆನ್ಸ್ ಫಾರ್ಮುಲಾ ಪಾಠ ಮಾಡಿ ಅಂದರೆ ಸಂಶೋಧನೆಯ ಕಡೆ ಹಾರಬೇಡಿ. ವಸ್ತುವಿನ ದೂರಕ್ಕೆ ಮೈನಸ್ ಚಿಹ್ನೆ ಹಾಕುವಲ್ಲಿ ಹುಡುಗರು ತಪ್ಪುತ್ತಾರೆ. ಕೆಲವರು ಸೂತ್ರದಲ್ಲೇ ಮೈನಸ್ ಇದೆಯಲ್ಲ ಅಂತ ಬೆಲೆ ಹಾಕುವಾಗ ಅದನ್ನು ಬಿಟ್ಟು ಉತ್ತರ ಕೆಡಿಸಿಕೊಳ್ಳುತ್ತಾರೆ. ಆ ತಪ್ಪನ್ನು ಬೋರ್ಡ್ ಮೇಲೆ ಬರೆದು ‘ಇಲ್ಲಿ ಎಲ್ಲಿ ಎಡವಿದ್ವಿ?’ ಅಂತ ಕೇಳುವ ಮೇಷ್ಟ್ರಿಗೆ ಈ ಮಟ್ಟದ ಪಾಠ ಇಷ್ಟ ಅನ್ನೋದು ಹಿಂದಿನ ಬೆಂಚಲ್ಲಿ ಕೂತ ಪ್ರಿನ್ಸಿಪಾಲರಿಗೆ ಗೊತ್ತಾಗಿಬಿಡುತ್ತದೆ.

9. ಕಾರಣ ಪರೀಕ್ಷೆಯಲ್ಲಿ ಫೇಲ್ ಆದರೆ

ಕೆಲವರಿಗೆ ನಿಜವಾಗಿಯೂ ಬೇಕಾಗಿರುವುದು ಆರೆಂಟು ತಿಂಗಳು ತಳ್ಳುವ ಕೆಲಸ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಪರ್ಮನೆಂಟ್ ಹುದ್ದೆಗೆ ಹೋಗಿ ಇಲ್ಲದ ಪ್ರೀತಿ ತೋರಿಸುವ ಬದಲು ಕಾಂಟ್ರಾಕ್ಟ್ ಕೆಲಸ ಹುಡುಕಿ. ಯಾರೋ ಹೆರಿಗೆ ರಜೆಯಲ್ಲಿದ್ದಾರೆ, ಆರು ತಿಂಗಳಿಗೆ ಒಬ್ಬರು ಬೇಕು. ಒಂದು ಮೈಗ್ರೇಷನ್ ಪ್ರಾಜೆಕ್ಟ್ ಮಾರ್ಚ್‌ಗೆ ಮುಗಿಯಬೇಕು. ಇಂಥ ಕಡೆ ನಿಮ್ಮ ಜಾಸ್ತಿ ಅನುಭವವೇ ಅನುಕೂಲ. ಕಲಿಸುವ ಅಗತ್ಯ ಇಲ್ಲ, ನಾಳೆಯೇ ಸೇರುತ್ತೀರಿ. ‘ಯಾಕೆ ಬಂದ್ರಿ’ಗೆ ‘ಈ ಆರು ತಿಂಗಳು ನಾನು ಫ್ರೀ ಇದ್ದೀನಿ, ಈ ಕೆಲಸ ಮಾಡಿ ಗೊತ್ತಿದೆ’ ಅನ್ನೋದು ಪೂರ್ತಿ ಉತ್ತರ.

ಪರ್ಮನೆಂಟ್ ಆಫರ್ ಬಂದವರು ಸಹಿ ಹಾಕುವ ಮುಂಚೆ ಲೆಟರ್‌ನಲ್ಲಿ ಮೂರು ಕಡೆ ಕಣ್ಣಾಡಿಸಿ. ಹುದ್ದೆಯ ಹೆಸರು ನೀವು ಮಾತಾಡಿದ್ದೇನಾ ಅಂತ ನೋಡಿ. ಅನುಭವ ಕಂಡು ಸದ್ದಿಲ್ಲದೆ ‘ಲೀಡ್’ ಅಂತ ಸೇರಿಸಿ, ಅದೇ ಸಂಬಳಕ್ಕೆ ಟೀಮನ್ನೂ ಹೊರಿಸುವವರಿದ್ದಾರೆ. ಪ್ರೊಬೇಷನ್ ಎಷ್ಟು, ಬಾಂಡ್ ಇದೆಯಾ ನೋಡಿ. ನೋಟಿಸ್ ಪೀರಿಯಡ್ 90 ದಿನ ಇದ್ದರೆ 60ಕ್ಕೆ ಇಳಿಸಲು ಆಗುತ್ತದಾ ಅಂತ ಕೇಳಬಹುದು, ಆದರೆ ಅದನ್ನು ಎಲ್ಲ ಒಪ್ಪಿಯಾದ ಮೇಲೆ ಮೇಲ್‌ನಲ್ಲಿ ಕೇಳಿ. ಇಂಟರ್‌ವ್ಯೂನಲ್ಲೇ ಕೇಳಿದರೆ ‘ಬಂದವರು ಹೋಗೋ ದಾರಿ ನೋಡ್ತಿದ್ದಾರೆ’ ಅಂದುಕೊಳ್ಳುತ್ತಾರೆ.